ಅಪ್ಪ ಒತ್ತಿದ ಯೆಸ್

ನನಗೆ ಕಂಪ್ಯೂಟರು ಅಂದರೆ ಮೊದಲಿನಿಂದಲೂ ಹೆದರಿಕೆಯೇ. ಅದನ್ನೇ ಕಟ್ಟಿಕೊಂಡು ಹೊಟ್ಟೆ ಹೊರೆಯುತ್ತಿದ್ದೇನೆ ಅನ್ನುವುದು ಬೇರೆ ಮಾತು. ಉರಿಗಾಂನಲ್ಲಿ ಗೋಡೆಗೆ ಗೋಡೆ ಅಂಟಿದ ಹಳೇ ಚಿನ್ನದ ಗಣಿ ಕಾರ್ಮಿಕರ ಮನೆಗಳ ಸಾಲಿನಲ್ಲಿ ನಮ್ಮದೂ ಒಂದು. ಮುಂದಿನ ಕೋಣೆಯಲ್ಲಿ ಕಂಪ್ಯೂಟರು, ಪ್ರಿಂಟರು. ಪಿಂಚಣಿ ಅರ್ಜಿ, ರೇಷನ್ ಕಾರ್ಡಿನ ತಿದ್ದುಪಡಿ, ಮಕ್ಕಳ ಸ್ಕಾಲರ್‌ಶಿಪ್ಪು, ಯಾರಿಗೆ ಏನು ಬೇಕೋ ತುಂಬಿಕೊಡುತ್ತೇನೆ. ಅವರ ಆಧಾರ್, ಪಾಸ್‌ಬುಕ್ಕು, ಹೆಬ್ಬೆಟ್ಟು ಒತ್ತಿದ ಕಾಗದ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಮನೆ ನಂಬರಿನ ಮೇಲೆ ಒಂದೊಂದು ಫೋಲ್ಡರ್ ಮಾಡಿ ಇಟ್ಟಿರುತ್ತೇನೆ. ಮತ್ತೆ ಬಂದಾಗ ಹುಡುಕಾಟ ಬೇಡ ಅಂತ.

ಅಪ್ಪ ಗಣಿ ಮುಚ್ಚುವವರೆಗೂ ಸುರಂಗದ ಬಾಯಲ್ಲಿ ಗಂಟೆ ಬಾರಿಸುವ ಕೆಲಸದಲ್ಲಿದ್ದ. ಆಳುಗಳನ್ನು ಇಳಿಸಿ ಹತ್ತಿಸುವ ಕಬ್ಬಿಣದ ಕೇಜು ಇವನ ಗಂಟೆಯಿಲ್ಲದೆ ಅಲ್ಲಾಡುತ್ತಿರಲಿಲ್ಲ. ಕೆಳಗಿಂದ ಗಂಟೆ ಬಂತೋ, ಮೇಲಿಂದ ತಿರುಗಿ ಕೊಡಲೇಬೇಕು. ಕೊಡದಿದ್ದರೆ ಆಳುಗಳು ಆ ಕತ್ತಲಲ್ಲಿ ಕಾಯುತ್ತಾ ನಿಲ್ಲಬೇಕು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಫೋನು ಹೊಡೆದುಕೊಂಡರೆ ಊಟದ ಕೈಯಲ್ಲೇ ಎತ್ತುತ್ತಾನೆ. ಕುಕ್ಕರು ಕೂಗಿದರೂ ಓಗೊಡುತ್ತಾನೆ ಎಂದು ನಾನು ಗೇಲಿ ಮಾಡುತ್ತಿದ್ದೆ.

ಅವತ್ತು ಪ್ರಿಂಟರಿನ ಇಂಕು ಮುಗಿದಿತ್ತು. ಬಂಗಾರಪೇಟೆಗೆ ಹೋಗಿ ತರಬೇಕು, ಮಾರಿಕುಪ್ಪಂ ಕಡೆಯಿಂದ ಬರುವ ರೈಲಿಗೆ ಹೊತ್ತಾಗುತ್ತಿತ್ತು. ಫೋಟೋಗಳನ್ನು ಚಿಕ್ಕದು ಮಾಡುವ ಪುಕ್ಕಟೆ ಸಾಫ್ಟ್‌ವೇರ್ ಒಂದನ್ನು ಇಳಿಸಲು ಹಾಕಿದ್ದೆ. ವೈರಸ್ ತಡೆಯುವ ಸಾಫ್ಟ್‌ವೇರು ಅಪಾಯ, ಅಪಾಯ ಎಂದು ಅಡ್ಡ ಬರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನೇ ಆಫ್ ಮಾಡಿಬಿಟ್ಟೆ. ಚಪ್ಪಲಿ ಮೆಟ್ಟುತ್ತಾ ಅಪ್ಪನಿಗೆ ಹೇಳಿದೆ: "ಡಣ್ ಅಂತ ಸದ್ದಾಗಿ ಏನೋ ಕೇಳ್ತದೆ. ಎಡಗಡೆ ಯೆಸ್ ಅಂತ ಇರ್ತದೆ, ಒತ್ತಪ್ಪಾ. ಎಷ್ಟ್ ಸಲ ಕೇಳಿದ್ರೂ ಅದೇ."

"ಎಡಗಡೇದು ತಾನೇ?" ಎಂದು ಕೇಳಿ ಖಾತ್ರಿ ಮಾಡಿಕೊಂಡ.

ಮಧ್ಯಾಹ್ನ ವಾಪಸ್ಸು ಬಂದಾಗ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. "ಮೂರ್ ಸಲ ಕೇಳ್ತು. ಮೂರ್ ಸಲಾನೂ ಕೊಟ್ಟಿವ್ನಿ" ಎಂದ, ಪಾಳಿ ಮುಗಿಸಿ ಕೆಲಸ ಒಪ್ಪಿಸುವವನ ಹಾಗೆ. ನಾನು ಪರದೆ ನೋಡಿದೆ. ಮೌಸ್ ಮೇಲೆ ಯಾರ ಕೈಯೂ ಇರಲಿಲ್ಲ. ಬಾಣ ಮಾತ್ರ ಓಡಾಡುತ್ತಿತ್ತು. ಒಂದು ಫೋಲ್ಡರ್ ತೆರೆಯಿತು, ಮುಚ್ಚಿತು. ಪಕ್ಕದ್ದು ತೆರೆಯಿತು. ಹನ್ನೆರಡನೇ ಮನೆ. ಹದಿಮೂರನೇ ಮನೆ. ಗೋಡೆಯಿಂದ ವೈರು ಕಿತ್ತು ಹಾಕಿದೆ.

"ಯಾಕ್ ಮಗಾ?"

ಯಾರೋ ಕಳ್ಳರು ದೂರದಿಂದಲೇ ಒಳಗೆ ನುಗ್ಗಿದ್ದಾರೆ, ನೀನು ಯೆಸ್ ಅಂದಿದ್ದು ಅವರಿಗೆ ಬಾಗಿಲು ತೆಗೆದ ಹಾಗಾಯಿತು ಎಂದೆ. ಅಪ್ಪನ ಮುಖ ಬಿಳಿಚಿಕೊಂಡಿತು. ಮಿಷನ್ನು ಕೆಟ್ಟಿತೇ, ರಿಪೇರಿ ಆಗುತ್ತದೆಯೇ ಎಂದೇನೂ ಕೇಳಲಿಲ್ಲ.

"ಒಳ್ಗೆ ಯಾರ್ಯಾರವ್ರೆ?" ಎಂದ.

"ನಮ್ ಸಾಲು ಪೂರ್ತಿ."

ಎದ್ದು ಗೂಟದ ಮೇಲಿನ ಅಂಗಿ ತಗೊಂಡ. "ನಡಿ. ಎಲ್ರಿಗೂ ಏಳ್ಬುಟ್ಟು ಬರಾನ."

ನಿಜ ಹೇಳುತ್ತೇನೆ, ಆಗ ನನಗೆ ಕಳ್ಳನಿಗಿಂತ ಸಾಲಿನ ಜನರದ್ದೇ ಹೆಚ್ಚು ಭಯ. ಇನ್ನು ಯಾರು ನನ್ನ ಕೈಗೆ ಕಾಗದ ಕೊಡುತ್ತಾರೆ? ಏನೂ ಹೋಗಿರಲಿಕ್ಕಿಲ್ಲ, ಎರಡು ದಿನ ನೋಡೋಣ ಎಂದು ಗೋಗರೆದೆ.

"ದುಡ್ಡು ಓದ್ಮೇಲೆ ಏಳಿದ್ರೆ ಏನ್ ಬಂತು?" ಎಂದವನು ಹೊಸ್ತಿಲು ದಾಟಿಯೇ ಬಿಟ್ಟ.

ಮೊದಲ ಮನೆ ತಮಿಳಿನ ಅಕ್ಕನದು. ಅಪ್ಪ ಕೈಮುಗಿದ. "ತಪ್ಪು ನಂದಮ್ಮಾ. ಮಿಷನ್ನು ಏನೋ ಕೇಳ್ತು, ಗೊತ್ತಿಲ್ದೆ ಊಂ ಅಂದ್ಬುಟ್ಟೆ. ನಿಮ್ ಕಾಗ್ದ ಯಾರ್ ಕೈಗೋ ಓಗಿರ್ಬೋದು. ಇವತ್ತೇ ಬ್ಯಾಂಕಿಗೆ ಏಳ್ಬುಡಿ. ಯಾರಾದ್ರೂ ಫೋನ್ ಮಾಡಿ ನಂಬರ್ ಕೇಳಿದ್ರೆ ಏಳ್ಬ್ಯಾಡಿ."

ಅಕ್ಕನಿಗೆ ಗಾಬರಿಯಾಯಿತು. "ಅಯ್ಯೋ, ವಯಸ್ಸಾದವ್ರ ಕೈಗೆ ಯಾಕಮ್ಮಾ ಕೊಟ್ಟೋದೆ?" ಎಂದು ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳಿಗೆ ನನ್ನ ಮೇಲೆ ಕನಿಕರ. ಯೆಸ್ ಒತ್ತು ಅಂದವಳು ನಾನು, ಕಾವಲು ತೆಗೆದವಳೂ ನಾನೇ ಎಂದು ಹೇಳಲು ನಾಲಿಗೆ ಏಳಲಿಲ್ಲ. ಎರಡನೇ ಮನೆಯಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ.

ಆರನೇ ಮನೆಯಲ್ಲಿ ತಡೆಯಲಾಗಲಿಲ್ಲ. "ಅಪ್ಪಂದಲ್ಲ..." ಎಂದು ಶುರು ಮಾಡಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದು ಬೀದಿಗೆ ಎಳೆದುಕೊಂಡು ಬಂದ.

"ಬಾಯ್ ಮುಚ್ಕಂಡಿರು. ನಾಳೆ ಈ ಜನ ಕಾಗ್ದ ಕೊಡ್ಬೇಕಾಗಿರಾದು ನಿನ್ ಕೈಗೆ, ನನ್ ಕೈಗಲ್ಲ."

ಅವನಿಗೆ ಎಲ್ಲಾ ಅರ್ಥವಾಗಿತ್ತು. ಉಳಿದ ಮನೆಗಳಿಗೆ ನಾನು ಬಾಯಿ ಬಿಡದೆ ಅವನ ಹಿಂದೆ ನಡೆದೆ.

ಆಮೇಲೆ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿಸಿದೆ. ದಿನದ ಕೆಲಸಕ್ಕೆ, ಹೊಸ ಸಾಫ್ಟ್‌ವೇರ್ ಹಾಕುವ ಅಧಿಕಾರವಿಲ್ಲದ ಬೇರೆ ಲಾಗಿನ್ ಖಾತೆ ಮಾಡಿಕೊಂಡಿದ್ದೇನೆ. ಈಗ ಏನೇ ಬದಲಾಯಿಸಬೇಕಾದರೂ ಅದು ಪಾಸ್‌ವರ್ಡ್ ಕೇಳುತ್ತದೆ, ನಾನು ಎರಡು ಸಲ ಓದಿ ನೋಡುತ್ತೇನೆ. ಇವತ್ತಿನವರೆಗೆ ಯಾರ ದುಡ್ಡೂ ಹೋಗಿಲ್ಲ. ನಾಳೆ ಹೋಗುವುದಿಲ್ಲ ಎಂದು ಯಾರು ಹೇಳಬೇಕು? ಅಕ್ಕಪಕ್ಕದಲ್ಲಿ ಯಾರಾದರೂ ಜೋರಾಗಿ ಮಾತಾಡಿದರೂ ಕೆಲಸ ಬಿಟ್ಟು ಕಿವಿಗೊಡುತ್ತೇನೆ.

ಮುಂದಿನ ವಾರ ತಮಿಳಿನ ಅಕ್ಕ ಅರ್ಜಿ ತುಂಬಿಸಲು ಬಂದಳು. ಅಪ್ಪ ಬಾಗಿಲಲ್ಲೇ ಕೂತಿದ್ದ. ಅವಳು ಕಾಗದಗಳನ್ನು ಸೆರಗಿನೊಳಗೆ ಹಿಡಿದುಕೊಂಡು ಅವನ ಕಡೆಯೇ ನೋಡುತ್ತಾ ನಿಂತಳು. ಅಪ್ಪ ಎದ್ದು ಹಿತ್ತಲ ಕಡೆಗೆ ಹೋದ. ಆಮೇಲೆ ಅವಳು ಕಾಗದಗಳನ್ನು ನನ್ನ ಕೈಗೆ ಕೊಟ್ಟು, "ನಿಮ್ಮಪ್ಪನ ಕೈಗೆ ಸಿಗದಂಗೆ ಇಟ್ಕೋಮ್ಮಾ" ಎಂದಳು.

"ಆಯ್ತಕ್ಕಾ" ಎಂದೆ.