ಸರಿತೂಕದ ಕೊಡ

೧೯೮೬, ಆಗಸ್ಟ್ ೧೧, ಸೋಮವಾರ. ಬೆಳಿಗ್ಗೆ ಆರೂವರೆಗೆ ಬರೆಯಲು ಕೂತಿದ್ದೇನೆ.

ನಿನ್ನೆ ನಾಗರ ಪಂಚಮಿ. ಕೊಟ್ಟೂರಿನ ಸೋದರತ್ತೆ ಬರಲಿಲ್ಲ. ಹೋದ ವರ್ಷವೂ ಬಂದಿರಲಿಲ್ಲ. ಅದಕ್ಕೆ ಮುಂಚೆ, ನಾನು ಡೈರಿ ಇಟ್ಟ ಒಂಬತ್ತು ಪಂಚಮಿಗಳಲ್ಲಿ ಆಕೆ ಒಂದನ್ನೂ ತಪ್ಪಿಸಿರಲಿಲ್ಲ. ಅಪ್ಪ ತೀರಿಕೊಂಡ ಮೇಲೂ ಕೂಡ್ಲಿಗಿಯ ನಮ್ಮ ಎರಡು ಖೋಲಿಯ ಮನೆಯೇ ಆಕೆಗೆ ತವರು.

ಆಕೆ ಬಂದುಹೋದಾಗಲೆಲ್ಲ ಡೈರಿಯ ಕೊನೆಯ ಪುಟದಲ್ಲಿ ಎರಡು ಸಾಲು ಬರೆಯುತ್ತಿದ್ದೆ: ಅವರದು, ನಮ್ಮದು. ಅವರಿಗೆ ಫ್ಯಾನು, ನಮಗೆ ಬೀಸಣಿಕೆ. ಅವರಿಗೆ ಎರಡನೇ ಬಟ್ಟೆ ಅಂಗಡಿ, ನನಗೆ ಖಾಯಂ ಆಗದ ಗುಮಾಸ್ತಿಕೆ. ಆಕೆ ನಮ್ಮ ಒಲೆಯ ಮುಂದೆ ಕೂತು, ಅವ್ವನ ಜೊತೆ ಉಂಡಿ ಕಟ್ಟುತ್ತ ನಗುತ್ತಿದ್ದುದನ್ನು ಮಾತ್ರ ಯಾವ ಸಾಲಿನಲ್ಲೂ ಬರೆಯಲಿಲ್ಲ.

೧೯೮೩ರಲ್ಲಿ ತಂಗಿಯ ಮದುವೆಗೆ ಆಕೆ ಮುಯ್ಯಿಯೆಂದು ಸ್ಟೀಲಿನ ದೊಡ್ಡ ಕೊಡ ತಂದಳು, ಅಕ್ಕಿ ಬೆಲ್ಲ ತುಂಬಿ. ನಾನು ಅಕ್ಕಿ ಬೆಲ್ಲ ಸುರುವಿ, ಬರೀ ಕೊಡವನ್ನು ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ. ಎರಡು ಕಿಲೋ ನೂರು ಗ್ರಾಂ. ಆ ಅಂಕಿ ಎರಡು ವರ್ಷ ಎದೆಯಲ್ಲಿ ಮುಳ್ಳಿನ ಹಾಗೆ ಆಡಿತು.

೧೯೮೫ರ ಮೇನಲ್ಲಿ ಆಕೆಯ ಮಗಳ ಮದುವೆ. ಹಗರಿಬೊಮ್ಮನಹಳ್ಳಿಯಲ್ಲಿ ಎರಡು ಅಂಗಡಿ, ಹರಪನಹಳ್ಳಿಯಲ್ಲಿ ಮೂರು ಸುತ್ತಿದೆ. ಕೊನೆಯದರಲ್ಲಿ ಅಷ್ಟೇ ತೂಕದ ಕೊಡ ಸಿಕ್ಕಿತು. ಅವ್ವ ಜ್ವರದಿಂದ ಮಲಗಿದ್ದಳು, ಮದುವೆಗೆ ನಾನೊಬ್ಬನೇ. ಮನೆಗೆ ಹೋಗದೆ ನೇರ ಕೊಟ್ಟೂರಿನ ಬಸ್ಸು ಹಿಡಿದೆ.

ಹಂದರದ ಬಾಗಿಲಿಗೇ ಅತ್ತೆ ಓಡಿ ಬಂದಳು. "ನನ್ನ ತವರಿನ್ಯಾರು ಬಂದ್ರು, ಹಾದಿ ಬಿಡ್ರಿ!" ಕೊಡ ಈಸಿಕೊಂಡು ಸೊಂಟಕ್ಕೆ ಏರಿಸಿದಳು. ಹಗುರವೆನಿಸಿ ಒಳಗೆ ಬಗ್ಗಿ ನೋಡಿದಳು.

ಪಕ್ಕದಲ್ಲಿದ್ದ ಬೀಗಿತ್ತಿ ನಕ್ಕಳು. "ಏನ್ರವ್ವಾ, ನಿಮ್ಮ ತವರಿನ್ಯಾರು ಮದಿವಿಗೆ ಬಂದಾರೋ, ನೀರಿಗೆ ಬಂದಾರೋ?"

ಎಲ್ಲರೂ ನಕ್ಕರು. ನಾನು ಸುಮ್ಮನಿರಬೇಕಿತ್ತು. "ನೀವು ಕೊಟ್ಟಷ್ಟಽ ತೂಕ ಐತಿ ಅತ್ತಿ. ತೂಗಿಸೀನಿ. ಇನ್ನ ಸಮ ಆತು" ಅಂದೆ.

ಆಕೆ ಕೊಡವನ್ನು ಮೆಲ್ಲಗೆ ಕೆಳಗಿಟ್ಟಳು. "ಸಮ ಆತಾ? ಹಂಗಾರ ತೀರಿತು ಬಿಡಪಾ. ನಮ್ಮಣ್ಣನ ಮನ್ಯಾಗ ಹಿಡಿ ಅಕ್ಕಿನೂ ಇರ್ಲಿಲ್ಲೇನಲೇ?"

ನಮ್ಮ ಕಡೆ ಮುಯ್ಯಿಯನ್ನು ಯಾರೂ ಸಮ ಮಾಡುವುದಿಲ್ಲ. ಹಿಡಿಯಷ್ಟಾದರೂ ಹೆಚ್ಚಿಗೆ ಇಡುತ್ತಾರೆ. ಆ ಹಿಡಿಯ ನೆಪದಲ್ಲಿ ಮತ್ತೆ ಹೋಗಿಬರುವುದು ಉಳಿಯುತ್ತದೆ. ಸಮವಾದರೆ ನಂಟು ಹರಿಯಿತು ಎಂದೇ ಅರ್ಥ. ಇದು ನನಗೆ ಗೊತ್ತಿಲ್ಲದ್ದಲ್ಲ. ಒಮ್ಮೆಯಾದರೂ ಅವರ ಸಮಕ್ಕೆ ನಿಲ್ಲುವ ಹಟದಲ್ಲಿ ಮರೆತಿದ್ದೆ.

ಆಮೇಲೆ ಮೂರು ಕಾಗದ ಬರೆದೆ. ಎರಡು ಸಲ ಹೋದೆ. ಎರಡೂ ಸಲ ಚಹಾ ಬಂತು, ಅತ್ತೆ ಹೊರಗೆ ಬರಲಿಲ್ಲ.

ನಿನ್ನೆ ಅವ್ವ ಆಕೆಯ ಪಾಲಿನ ಉಂಡಿಯನ್ನು ಡಬ್ಬಿಯಲ್ಲಿಟ್ಟು ಸಂಜೆಯ ಬಸ್ಸಿನವರೆಗೂ ಹೊಸ್ತಿಲ ಬಳಿ ಕೂತಿದ್ದಳು. "ಮದಿವ್ಯಾಗ ಆಕಿಗೇನರ ಅಂದಿಯೇನಪಾ?" ಎಂದು ಕೇಳಿದಳು. "ಇಲ್ಲವ್ವಾ" ಅಂದೆ. ಇದು ನಾಲ್ಕನೇ ಸಲದ 'ಇಲ್ಲ'.

ಹೀಗೆ ಹರಿದದ್ದನ್ನು ಕೂಡಿಸುವ ವಾಡಿಕೆ ಹಡಗಲಿಯ ಕಡೆಗಾಗಲಿ, ನೀಲಗುಂದದ ಕಡೆಗಾಗಲಿ ಇದ್ದರೆ, ಇದನ್ನು ಓದುವ ಬಲ್ಲವರು ದಯವಿಟ್ಟು ಒಂದು ಕಾರ್ಡು ಬರೆಯಿರಿ. ಇಲ್ಲಿ ಏಳು ಜನರನ್ನು ಕೇಳಿದ್ದೇನೆ. ಏಳೂ ಜನ ಇಲ್ಲವೆಂದು ತಲೆಯಾಡಿಸಿದರು.