ಟೆಕ್ಲಾಳ ಬೆವರು

ಎರಡು ವರ್ಷಗಳಿಂದ ಟೆಕ್ಲಾಳಿಗೆ ಒಂದೇ ಭಯ. ತನ್ನ ಬೆವರು ಉಕ್ಕಿಗೆ ತುಕ್ಕು ಹಿಡಿಸುತ್ತದೆ ಎಂದು ಮೇಸ್ತ್ರಿಗೆ ಗೊತ್ತಾದ ದಿನ ಬೆಂಚಿನ ಕೆಲಸ ಕೈತಪ್ಪುತ್ತದೆ.

ಎಸ್ಕಿಲ್‌ಸ್ಟೂನಾ ಪಟ್ಟಣದ ಒಂದು ಕಾರ್ಖಾನೆಯಲ್ಲಿ, ಅಳತೆ ಸರಿನೋಡಲು ಬಳಸುವ ಉಕ್ಕಿನ ತುಂಡುಗಳನ್ನು ಉಜ್ಜಿ ನಯ ಮಾಡುತ್ತಲೇ ಅವಳ ತಲೆ ನರೆತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವವರು ಅಲ್ಲಿನ ಉಜ್ಜುವ ಕೋಣೆಗೆ ಬಂದು ನೋಡಬೇಕು; ಅಲ್ಲಿ ಕೈ ಬೆವರಿದರೆ ಸಾಕು, ಹೊಟ್ಟೆಗೆ ತಣ್ಣೀರು ಬಟ್ಟೆ. ಕೆಲವರ ಬೆವರು ಉಕ್ಕನ್ನು ತಿನ್ನುತ್ತದೆ. ಅಂಥವರನ್ನು ಬಂದ ವಾರವೇ ಕಡಿಮೆ ಕೂಲಿಯ ಪೆಟ್ಟಿಗೆ ಕಟ್ಟುವ ಕೋಣೆಗೆ ಅಟ್ಟುತ್ತಾರೆ. ಟೆಕ್ಲಾಳ ಕೈ ಮೊದಲೆಲ್ಲ ಬೂದಿಯ ಹಾಗೆ ಒಣಗಿರುತ್ತಿತ್ತು. ಮುಟ್ಟು ನಿಲ್ಲುವ ಕಾಲಕ್ಕೆ ಅವಳ ಕೈಯೇ ಅವಳಿಗೆ ಕೈಕೊಟ್ಟಿತು. ಆಮೇಲೆ ಶುರುವಾಯಿತು ಕದ್ದು ಒರೆಸುವುದು, ಸುಮ್ಮನೆ ಎಣ್ಣೆ ಸವರುವುದು, ಯಾರಾದರೂ ನೋಡಿದರೆ ನಗುವುದು. ಕೆಲಸಕ್ಕಿಂತ ಈ ನಾಟಕವೇ ಅವಳನ್ನು ಹಿಂಡಿಹಾಕಿತ್ತು.

ಒಂದು ಶನಿವಾರ ಎರಡು ತುಂಡುಗಳನ್ನು ನಯದ ಪರೀಕ್ಷೆಗೆ ಕೂಡಿಸಿದಳು. ಅಲ್ಲಿನವರ ರೂಢಿಯಂತೆ ಒಂದೊಂದನ್ನೂ ಮಣಿಕಟ್ಟಿನ ಒಳಗಡೆಗೆ ಸವರಿ, ಚರ್ಮದ ಜಿಡ್ಡನ್ನು ಇಷ್ಟೇ ಇಷ್ಟು ಹಚ್ಚಿ, ಒತ್ತಿ ತಿರುಗಿಸಿದಳು. ಅಂಟು ಇಲ್ಲ, ಅಯಸ್ಕಾಂತ ಇಲ್ಲ, ಆದರೂ ಕಚ್ಚಿಕೊಂಡವು. ಒರಟು ಉಕ್ಕಾದರೆ ಅಲ್ಲೊಂದು ಇಲ್ಲೊಂದು ಏಣು ಮಾತ್ರ ತಾಗುತ್ತದೆ. ಇಷ್ಟು ನಯವಾದದ್ದು ಮೈತುಂಬ ತಾಗುತ್ತದೆ. ಅಷ್ಟು ಹತ್ತಿರ ಬಂದ ಮೇಲೆ ಕಣವನ್ನು ಕಣ ಎಳೆಯುತ್ತದೆ. ಮನೆಗೆ ಹೊರಡುವ ಮುಂಚೆ ಅವನ್ನು ಜಾರಿಸಿ ಬೇರೆ ಮಾಡಲೇಬೇಕು, ಇಲ್ಲವಾದರೆ ಬಿಡಿಸಲಾಗದಂತೆ ಕಚ್ಚಿಕೊಳ್ಳುತ್ತವೆ. ಅಷ್ಟರಲ್ಲಿ ಮೈಯೆಲ್ಲ ಬಿಸಿಯೇರಿ ತಲೆ ಸುತ್ತಿತು. ಟೆಕ್ಲಾ ತುಂಡುಗಳನ್ನು ಮರೆತು, ಕೋಟು ಹಾಕಿಕೊಂಡು ಮನೆಗೆ ಹೋಗಿಬಿಟ್ಟಳು.

ಸೋಮವಾರ ಆ ಜೋಡಿ ಮೇಸ್ತ್ರಿ ಬ್ರುಂಡಿನ್‌ನ ಕೈಯಲ್ಲಿತ್ತು. ಜಾರಿಸಿದರೂ ಜಾರುತ್ತಿರಲಿಲ್ಲ.

"ಯಾರಮ್ಮ ಈ ಮದುವೆ ಮಾಡಿಸಿದ್ದು?" ಎಂದ. "ಬಿಡಿಸೋಕೇ ಆಗ್ತಿಲ್ಲವಲ್ಲ!"

ಯಾರೂ ನಗಲಿಲ್ಲ. ಪಕ್ಕದ ಬೆಂಚಿನ ಸಿಗ್ನೆ ಟೆಕ್ಲಾಳ ಮುಖ ನೋಡಿ ಎದ್ದು ನಿಂತಳು. "ನಾನೇ, ಮೇಸ್ತ್ರಿ. ಮರೆತೆ. ಬೈಯೋದಿದ್ರೆ ಬೈದುಬಿಡಿ."

ಬ್ರುಂಡಿನ್ ಎಣ್ಣೆ ಬಿಟ್ಟು, ಬೆಚ್ಚಗೆ ಮಾಡಿ, ಮತ್ತೆ ಒತ್ತಿ ಜಾರಿಸಿದ. ಕರ್ರೆಂದು ಬಿಟ್ಟವು. ಎರಡರ ಮೈಯೂ ಗೀರಿಹೋಗಿತ್ತು, ನಡುವೆ ಕಂದು ತುಕ್ಕು. ಹೊರಮೈಯಲ್ಲಿ ಒಂದು ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ತುಕ್ಕಾಗಿ ಎದ್ದಿತ್ತು, ಅಡ್ಡಲಾಗಿ ಒಂದು ಹಳೆಯ ಗಾಯದ ಕಲೆ ಸಮೇತ.

ಅವನು ಸಿಗ್ನೆಯ ಬೆರಳು ನೋಡಿದ. ಯಾವ ಕಲೆಯೂ ಇಲ್ಲದೆ ನುಣ್ಣಗಿತ್ತು.

"ಕೂತ್ಕೊಳೇ ಸಿಗ್ನೆ," ಟೆಕ್ಲಾ ಹೇಳಿದಳು. "ಅದು ನನ್ನದು, ಮೇಸ್ತ್ರಿ. ಬೆರಳೂ ನನ್ನದೇ, ಬೆವರೂ ನನ್ನದೇ."

"ಎಷ್ಟು ದಿನದಿಂದ?" ಮೇಸ್ತ್ರಿ ಕೇಳಿದ.

"ಎರಡು ವರ್ಷ ಆಯ್ತು. ಮುಚ್ಚಿಟ್ಟೂ ಮುಚ್ಚಿಟ್ಟೂ ಸಾಕಾಗಿಹೋಯ್ತು."

ಬ್ರುಂಡಿನ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವಳು ಜಗಳವಾದರೂ ಆಡಬಹುದಿತ್ತು. "ಇವತ್ತು ಮನೆಗೆ ಹೋಗಿ ಮಲಗಿ," ಎಂದ. "ನಾಳೆಯಿಂದ ಪೆಟ್ಟಿಗೆ ಕೋಣೆ. ಅಲ್ಲಿ ಕೈಗವಸು ಹಾಕ್ಕೊಂಡೇ ಕೆಲಸ."

ಅಳು ಬರುತ್ತದೆಂದುಕೊಂಡಿದ್ದಳು, ಆಕಳಿಕೆ ಬಂತು. ಅವಳಿಗೇ ನಾಚಿಕೆಯಾಯಿತು.

ಮನೆಯಲ್ಲಿ ಗಂಡ ವರ್ನರ್ ಉಪ್ಪು ಹಾಕಿದ ಹೆರಿಂಗ್ ಮೀನಿನ ಮರದ ಡಬ್ಬ ತೆರೆದು ಕೂತಿದ್ದ. ಆ ಮನೆಯಲ್ಲಿ ಮೀನು ತೊಳೆಯುವವನು ಅವನು, ಈರುಳ್ಳಿ ಹೆಚ್ಚುವವನು ಅವನು. ಉಪ್ಪು, ಹುಳಿ ಹೆಂಡತಿಯ ಕೈಗೆ ಸೋಕಬಾರದು; ಸೋಕಿದರೆ ಅವಳು ಮುಟ್ಟಿದ ಉಕ್ಕಿಗೆ ತುಕ್ಕು. ನೆರೆಹೊರೆಯವರು ಅವನನ್ನು "ಅಡುಗೆ ಹೆಂಗಸು" ಎಂದು ಆಡಿಕೊಂಡರೂ ಮದುವೆಯಾದಾಗಿನಿಂದ ಒಂದು ದಿನವೂ ತಪ್ಪಿಸಿದವನಲ್ಲ.

"ಏನು ಇಷ್ಟು ಬೇಗ?"

ಟೆಕ್ಲಾ ಅಂಗಿಯ ತೋಳು ಮಡಚಿ, ಎರಡೂ ಕೈಗಳನ್ನು ಡಬ್ಬದ ಉಪ್ಪುನೀರಿಗೆ ಮಣಿಕಟ್ಟಿನವರೆಗೆ ಇಳಿಬಿಟ್ಟಳು.

"ಏ, ಉಪ್ಪು ಕಣೇ! ತೆಗಿಯೇ ಕೈನಾ!" ವರ್ನರ್ ಹೌಹಾರಿ ಅವಳ ತೋಳು ಹಿಡಿದೆಳೆದ. ಅವಳು ತೆಗೆಯಲಿಲ್ಲ.

"ಇನ್ಮೇಲೆ ಪರವಾಗಿಲ್ಲ ಕಣ್ರೀ," ಎಂದಳು.

ಅವನು ಅವಳ ಮುಖವನ್ನೇ ನೋಡಿದ. ಅವನಿಗೆ ಅರ್ಥವಾಯಿತು. ತೋಳು ಬಿಟ್ಟು, ಚಾಕು ಅವಳ ಕಡೆ ಸರಿಸಿ, ಏನು ಮಾಡಬೇಕೆಂದು ತಿಳಿಯದೆ ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ.