ಒದ್ದೆ ಬಟ್ಟೆಯ ವಾದ

ಅಪ್ಪನ ಕಾರು ನನಗಿಂತ ಹದಿನಾರು ವರ್ಷ ದೊಡ್ಡದು. ಅಜ್ಜ ಕೊಂಡಿದ್ದು. ಅಜ್ಜ ಹೋದಮೇಲೆ ಕಲಬುರಗಿಯ ಮನೆಯಂಗಳದಲ್ಲಿ ವರ್ಷಗಟ್ಟಲೆ ಚಾದರ ಹೊದ್ದು ನಿಂತಿತ್ತು. ಮಾಸ್ತರಿಕೆಯಿಂದ ನಿವೃತ್ತನಾದ ಅಪ್ಪ ಅದನ್ನು ಎಬ್ಬಿಸಿ, ಪ್ರತಿ ಮಂಗಳವಾರ ಕಮಲಾಪುರದ ನಮ್ಮ ಬಾಳೆತೋಟಕ್ಕೆ ಓಡಿಸತೊಡಗಿದ. ಬಿಸಿಲು ಏರಿದ ಮೇಲೆ ಅದು ದಾರಿಯಲ್ಲಿ ಕೈಕೊಡತೊಡಗಿತು. ಎರಡು ಸಲ ಜಗ್ಗಿ ನಿಂತುಬಿಡುವುದು, ಅದೂ ಹೆದ್ದಾರಿಯ ಏರಿನಲ್ಲಿ, ಬೆನ್ನಿಗೆ ಲಾರಿ ಇರುವಾಗ.

ಮೊದಲ ಸಲ ನಿಂತಾಗ ನಾನೂ ಒಳಗಿದ್ದೆ. ಅಪ್ಪ ಸ್ಟೇರಿಂಗ್ ಹಿಡಿದೇ ಕಣ್ಣು ಮುಚ್ಚಿ ಊರದೇವರನ್ನು ಕರೆದ. "ಶರಣಬಸಪ್ಪಾ, ದಡಕ್ಕ ಹಚ್ಚೋ ನಮ್ಮಪ್ಪಾ." ಕಾಲು ಗಂಟೆಯ ನಂತರ ಕೀಲಿ ತಿರುವಿದರೆ ಎಂಜಿನ್ನು ಎದ್ದಿತು.

"ನೋಡಿದ್ಯಾ?"

"ನೋಡಿದೆ. ಅಲ್ಲಿ ಗುಡಿಯಾಗಿನ ಗದ್ದಿಗಿ ಬಿಟ್ಟು ಬಂದು ಇಲ್ಲಿ ಬಾನೆಟ್ಟಿನಾಗ ಕೈ ಹಾಕ್ಯಾನೇನು?"

ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳಲ್ಲಿ ನಮ್ಮವ್ವ ಚಮಚ ಇಡುತ್ತಾಳೆ. ಕಾರಣವಿಲ್ಲದ ನಂಬಿಕೆಯನ್ನು ಸುಮ್ಮನೆ ಒಪ್ಪುವವಳಲ್ಲ ನಾನು. ಒಂದು ಸಂಜೆಯೆಲ್ಲ ಓದಿ ವಾದ ಕಟ್ಟಿದೆ: ಈ ಬಿಸಿಲಿಗೆ ಬಾನೆಟ್ಟಿನೊಳಗಿನ ಪಂಪಿನಲ್ಲೇ ಪೆಟ್ರೋಲು ಆವಿಯಾಗುತ್ತದೆ, ಎಂಜಿನ್ನಿಗೆ ಮುಟ್ಟುವುದಿಲ್ಲ, ಪಂಪಿಗೆ ಒದ್ದೆ ಬಟ್ಟೆ ಸುತ್ತಿದರೆ ಸರಿಹೋಗುತ್ತದೆ. ಮುಂದಿನ ಸಲ ನಿಂತಾಗ ಸುತ್ತಿದೆ, ನೀರು ಹನಿಸಿದೆ. ಕಾಲು ಗಂಟೆಗೆ ಎಂಜಿನ್ನು ಎದ್ದಿತು. ಪುರಾವೆ! ಅಪ್ಪ ನನಗೆ ಸೋತದ್ದು ಅಪರೂಪ, ಅಂದು ಸೋತ. ಅಂದಿನಿಂದ ಒಂದು ಟವೆಲ್ಲು, ನಾಲ್ಕು ಬಾಟಲಿ ನೀರು ಇಟ್ಟುಕೊಂಡು ಒಬ್ಬನೇ ಹೋಗತೊಡಗಿದ.

ಒಂದು ಮಂಗಳವಾರ ಒಂಬತ್ತಕ್ಕೆ ಹೊರಟವನು ಹನ್ನೊಂದಾದರೂ ಫೋನ್ ಮಾಡಲಿಲ್ಲ. ನಾನು ಐದು ಸಲ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

ಜೋಳ ಹಸನು ಮಾಡುತ್ತಿದ್ದ ಅವ್ವ ಮೊರ ಕೆಳಗಿಟ್ಟಳು. "ನಿನ್ನ ಬಟ್ಟಿ ಮ್ಯಾಲ ಭರೋಸಾ ಇಟ್ಟು ಹೋಗ್ಯಾನ. ಏನ್ ಮಾಡ್ತಿ ಮಾಡು."

ಕಮಲಾಪುರದ ಮೇಲೆ ಹಾದುಹೋಗುವ ಹುಮನಾಬಾದ್ ಬಸ್ಸು ಹತ್ತಿ, ರಸ್ತೆ ಕಾಣಲೆಂದು ಡ್ರೈವರನ ಪಕ್ಕದಲ್ಲೇ ನಿಂತುಕೊಂಡೆ. ಫೋನು ಸೀಟಿನ ಮೇಲೆ ಬಿಟ್ಟಿರಬಹುದು. ಹಾಗಾದರೆ ಸೀಟಿನಲ್ಲಿ ಅವನೇಕಿಲ್ಲ? ತೋಟ ಮುಟ್ಟಿ ಮರೆತಿರಬಹುದು. ಐದೂ ಸಲ ಮರೆತನೇ? ಎರಡೂ ಕಡೆಯ ವಾದ ನಾನೇ ಮಾಡುತ್ತಿದ್ದೆ, ಪ್ರತಿ ಸಲವೂ ಕೆಟ್ಟ ಕಡೆಯೇ ಗೆಲ್ಲುತ್ತಿತ್ತು.

ಕಮಲಾಪುರಕ್ಕೆ ಮುಂಚಿನ ಏರಿನಲ್ಲಿ ಕಾರು ಕಂಡಿತು, ಅರ್ಧ ರಸ್ತೆಯ ಮೇಲೆ. ಲಾರಿಗಳು ಹಾರ್ನು ಹೊಡೆಯುತ್ತ ಗೇಣು ದೂರದಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದವು. ಅಪ್ಪ ಬಾನೆಟ್ಟಿನೊಳಗೆ ತಲೆಹಾಕಿ ಟವೆಲ್ಲು ಹಿಂಡುತ್ತಿದ್ದ. ಬಸ್ಸು ನಿಲ್ಲಿಸಿ ಓಡಿದೆ. ಫೋನು ಸೀಟಿನ ಮೇಲೆ ಬಿದ್ದಿತ್ತು.

"ಅಪ್ಪಾ! ಮೊದಲ ಈ ಕಡಿ ಸರಿ!"

"ತಡಿಯವ್ವಾ. ಮೂರು ಸಲ ಚಾಲೂ ಆಗಿ ಮೂರು ಸಲ ನಿಂತದ. ಚೆಂದಂಗ ತೋಯಿಸಬೇಕಂತ ನೀನ ಹೇಳಿದ್ಯಲ್ಲ?"

ನನ್ನ ಮಾತಿನ ಮೇಲೆ ಅವನು ಅಲ್ಲಿ ನಿಂತಿದ್ದ. ಅವನ ತೋಳು ಹಿಡಿದು ರಸ್ತೆಯಿಂದ ಆಚೆಗೆ ಎಳೆದೆ. ಕಂಡಕ್ಟರ್ ಮತ್ತು ಇಬ್ಬರು ಪ್ರಯಾಣಿಕರು ಇಳಿದು ಕಾರನ್ನು ರಸ್ತೆಯಂಚಿಗೆ ನೂಕಿಕೊಟ್ಟರು. ತುಸು ಹೊತ್ತಿಗೆ ಅದು ಮತ್ತೆ ಎದ್ದು, ತೆವಳುತ್ತ ಕಮಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಗ್ಯಾರೇಜು ಮುಟ್ಟಿತು. ಅಲ್ಲಿನ ಮುದುಕ ಮೆಕ್ಯಾನಿಕ್‌ನನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ನನ್ನ ಆವಿಯ ವಾದವನ್ನು ಆತ ಪೂರ್ತಿ ಕೇಳಿದ.

"ಮುಗೀತೇನ್ ಬೇಟಿ? ಬಟ್ಟಿ ಹಾಕ್ಲಾರದ ಅಷ್ಟೇ ಹೊತ್ತು ಸುಮ್ಮ ಕುಂತು ನೋಡಿರೇನು?"

ನೋಡಿರಲಿಲ್ಲ. ಅಪ್ಪನ ಮುಖ ಅರಳಿತು. "ದೇವರ ಹೆಸರು ತಗೊಂಡಾಗೂ ಚಾಲೂ ಆಗಿತ್ತು ನೋಡ್ರಿ."

"ಎಷ್ಟೊತ್ತು ತಗೊಂಡ್ರಿ ಮಾಸ್ತರ?"

"ಕಾಲು ತಾಸು."

"ಮತ್ತ? ಇಬ್ಬರೂ ಅಷ್ಟೊತ್ತು ಸುಮ್ಮ ಕುಂತೀರಿ, ಅಷ್ಟೇ."

ಉಸ್ತಾದ್ ಪೆಟ್ರೋಲನ್ನು ಕ್ಯಾನಿಗೆ ಇಳಿಸಿ, ಟ್ಯಾಂಕಿನೊಳಗಿನ ಪೈಪು ಹೊರತೆಗೆದ. ಅದರ ತುದಿಯಲ್ಲಿ ಹೆಬ್ಬೆರಳಿನಷ್ಟು ಜಾಳಿಗೆಯ ಫಿಲ್ಟರು; ಜಾಳಿಗೆಯೇ ಕಾಣದಷ್ಟು ಕಂದು ರಾಡಿ. ಎಂಜಿನ್ನು ಪೆಟ್ರೋಲು ಎಳೆದಾಗ ವರ್ಷಗಟ್ಟಲೆ ನಿಂತ ಟ್ಯಾಂಕಿನ ತುಕ್ಕು ಬಂದು ಫಿಲ್ಟರಿಗೆ ಅಂಟುತ್ತದೆ, ನಿಂತಾಗ ಕೆಳಗೆ ಬೀಳುತ್ತದೆ, ಹೊರಟರೆ ಮತ್ತೆ ಅಂಟುತ್ತದೆ. ಬ್ರಷ್ಷಿನಿಂದ ಉಜ್ಜಿದ, ಗಾಳಿ ಹೊಡೆದ. ಟ್ಯಾಂಕನ್ನು ಪೆಟ್ರೋಲಿನಿಂದಲೇ ಕುಲುಕಿ ಕುಲುಕಿ ತೊಳೆದು ಬೋಗುಣಿಗೆ ಸುರಿದ. ನಾಲ್ಕನೆಯ ಸಲವೂ ತಳದಲ್ಲಿ ಕಂದು ಕಣಗಳಿದ್ದವು. ಐದನೆಯದು ತಿಳಿಯಾಯಿತು. ಪಂಪಿನ ಹತ್ತಿರ ಒಳಗಿನದು ಕಾಣುವಂಥ ಇನ್ನೊಂದು ಸಣ್ಣ ಫಿಲ್ಟರು ಕೂಡಿಸಿದ.

"ಇನ್ನು ನಿಲ್ಲೂದಿಲ್ಲಲ್ಲ?" ಎಂದೆ.

"ಅದನ್ನ ನಾ ಹ್ಯಾಂಗ ಹೇಳ್ಲಿ? ಓಡಿಸಿ ನೋಡ್ರಿ."

ಮರಳುವಾಗ ಏರುಗಳಲ್ಲೆಲ್ಲ ನಾನು ಹಿಂದೆ ಲಾರಿ ಇದೆಯೇ ಎಂದು ತಿರುಗಿ ನೋಡುತ್ತಿದ್ದೆ. ಕಾರು ನಿಲ್ಲಲಿಲ್ಲ.

ಕಲಬುರಗಿ ಹತ್ತಿರವಾದಾಗ ಅಪ್ಪ ಕೇಳಿದ, "ಈಗರ ಪುರಾವೆ ಆತಿಲ್ಲೋ?"

"ಇಲ್ಲ. ಒಂದ ಸಲಕ್ಕ ಆಗೂದಿಲ್ಲ."

ಮುಂದಿನ ಮೂರು ಮಂಗಳವಾರ ಪಕ್ಕದಲ್ಲಿ ಕೂತು ಹೋಗಿಬಂದೆ. ನಾಲ್ಕನೆಯದಕ್ಕೆ ನನಗೆ ಪರೀಕ್ಷೆಯಿತ್ತು. ಅಪ್ಪ ಕೀಲಿ ಹಿಡಿದು ನನ್ನನ್ನೇ ನೋಡುತ್ತ ನಿಂತ. "ಹೋಗ್ಲೇನು?"

ಖಾತ್ರಿಯಿಂದ ಹೂಂ ಎನ್ನಲು ನನ್ನಲ್ಲಿ ಏನೂ ಇರಲಿಲ್ಲ. "ಹೊಸಾ ಫಿಲ್ಟರ್ ನೋಡೀನಿ, ಸ್ವಚ್ಛ ಅದ. ಆದರ ನಿಂತ್ರ ಬಾನೆಟ್ ತೆಗೀಬ್ಯಾಡ. ಗಾಡಿ ಅಲ್ಲೇ ಬಿಟ್ಟು ಹೊಲದಾಗ ಇಳಿದು ನಿಂದ್ರು. ಫೋನ್ ಕಿಸೆದಾಗ ಇರ್ಲಿ."

ಅಪ್ಪ ವಾದಕ್ಕಿಳಿಯಲಿಲ್ಲ. ಫೋನನ್ನು ಅಂಗಿಯ ಕಿಸೆಗೆ ಹಾಕಿ, ಮೇಲಿಂದ ಒಮ್ಮೆ ಒತ್ತಿ ನೋಡಿಕೊಂಡು, ಕಾರು ಹೊರಗೆ ತೆಗೆದ.